ಕೊನೇ ರೀಲಿಗೆ ಮುಂಚೆ ಎದ್ದು ಹೋಗುವ ಮಾವ

ನಮ್ಮ ಮಾವನಷ್ಟು ಸಿನಿಮಾ ನೋಡಿದವರು ಹುಣಸೂರು ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಆದರೆ ಅವರು ಒಂದು ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ. ಎರಡೂ ಮಾತು ನಿಜ. ಅದು ಹೇಗೆ ಅಂತೀರಾ? ಹೇಳುತ್ತೇನೆ. ಆದರೆ ನೀವು ಕೊನೆಯವರೆಗೂ ಕೂತಿರಬೇಕು, ಮಾವನ ಹಾಗೆ ನಡುವೆ ಎದ್ದು ಹೋಗಬಾರದು.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಹುಣಸೂರಿನಿಂದ ಕೆ.ಆರ್. ನಗರದ ಕಡೆಗೆ ಗಾಡಿ ಕಟ್ಟಿಕೊಂಡು ಹೊರಟರೆ ಎರಡು ಸಲ ಎಲೆಯಡಿಕೆ ಹಾಕಿ ಮುಗಿಸುವಷ್ಟರಲ್ಲಿ ಅವರ ಊರು. ಒಂದಿಷ್ಟು ಹೊಗೆಸೊಪ್ಪಿನ ಹೊಲ, ಒಂದಿಷ್ಟು ರಾಗಿ ಹೊಲ, ಒಂದು ಜೊತೆ ಎತ್ತು. ಮಕ್ಕಳಿಲ್ಲ. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಾನು ಆಗತಾನೆ ಮೈಸೂರಿನಲ್ಲಿ ಬಿ.ಎ. ಮುಗಿಸಿ ಹುಣಸೂರಿನ ಸ್ಕೂಲಿಗೆ ಮೇಷ್ಟರಾಗಿ ಬಂದಿದ್ದೆ. ಇದನ್ನು ಸ್ವಲ್ಪ ಒತ್ತಿಯೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಪ್ಪ ಹೆಬ್ಬೆಟ್ಟು, ತಾತ ಹೆಬ್ಬೆಟ್ಟು, ತಾತನ ಅಪ್ಪನಿಗೆ ಹೆಬ್ಬೆಟ್ಟು ಒತ್ತುವ ಸಂದರ್ಭವೇ ಬಂದಿರಲಿಲ್ಲ. ಅಂಥ ಮನೆಯಿಂದ ಹೊರಟು, ಹಾಸ್ಟೆಲಿನ ತಿಳಿಸಾರು ಉಂಡು, ಗೆಳೆಯನ ಕೋಟು ಎರವಲು ಪಡೆದು, ಅದರ ತೋಳು ನನ್ನ ಕೈಗಿಂತ ಉದ್ದವಾಗಿ ಶಾಯಿಯಲ್ಲಿ ಅದ್ದಿಕೊಂಡು ಪರೀಕ್ಷೆ ಬರೆದು ಗಿಟ್ಟಿಸಿದ ಎರಡು ಅಕ್ಷರ ಅದು. ಊರಿನವರೆಲ್ಲ ಮೆಚ್ಚಿದರು. ಅದರಿಂದ ಏನಾದರೂ ಉಪಯೋಗ ಉಂಟೇ ಎಂದು ಪರೀಕ್ಷಿಸಿ ನೋಡಿದವರು ಮಾವ ಒಬ್ಬರೇ.

ಲಕ್ಷ್ಮಣತೀರ್ಥದ ದಂಡೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಹಾಕಿದ್ದರು. ಮುಂದೆ ಮರಳು, ಹಿಂದೆ ಬೆಂಚು, ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಮೋಟು ಮಣ್ಣುಗೋಡೆ. ಆಟ ಶುರುವಾದರೆ ಖಳನಾಯಕನ ನಗು ನಮ್ಮ ಸ್ಕೂಲಿನ ಬೀದಿಯವರೆಗೂ ಕೇಳುತ್ತಿತ್ತು. ಟಿಕೆಟಿಗೆ ಗತಿಯಿಲ್ಲದವರು ಜಗುಲಿಯ ಮೇಲೆ ಮಲಗಿಯೇ ಅರ್ಧ ಸಿನಿಮಾ ಅನುಭವಿಸುತ್ತಿದ್ದರು. ಪಿಚ್ಚರ್ ಬದಲಾದಾಗಲೆಲ್ಲ ಮಾವ ಗಾಡಿ ಕಟ್ಟಿಕೊಂಡು ಮೊದಲನೇ ಆಟಕ್ಕೆ ಹಾಜರು. ಇದ್ದದ್ದು ಒಂದೇ ಮೆಷಿನ್ನು, ರೀಲು ಬದಲಾಯಿಸುವಾಗಲೆಲ್ಲ ದೀಪ ಹತ್ತಿಸುತ್ತಿದ್ದರು. ಕೊನೇ ರೀಲಿಗೆ ಮುಂಚೆ ದೀಪ ಹತ್ತಿತೋ, ಮಾವ ಎದ್ದು, ಟವಲಿನಿಂದ ಮರಳು ಕೊಡವಿ, ನಾಲ್ಕು ಜನರ ಕಾಲು ತುಳಿದು ಹೊರಗೆ.

ನಾನು ಮೊದಲ ಸಲ ಅವರ ಜೊತೆ ಕೂತಿದ್ದ ದಿನ ನಾಯಕನ ತಾಯಿಯನ್ನು ರೈಲು ಕಂಬಿಗೆ ಕಟ್ಟಿಹಾಕಿದ್ದರು. ಎಲ್ಲರೂ ಉಸಿರು ಬಿಗಿ ಹಿಡಿದಿದ್ದಾರೆ, ಇವರು ಎದ್ದರು. ನಾನು ಪಂಚೆ ಹಿಡಿದು ಎಳೆದೆ.

“ಮಾವ, ರೈಲು ಬರ್ತಾ ಇದೆ.”

“ಬರ್ಲಿ ಬುಡು. ಎತ್ತು ಕಟ್ಬೇಕು.”

ಆಟ ಬಿಟ್ಟ ಮೇಲೆ ಎಲ್ಲ ಗಾಡಿಯೂ ಒಟ್ಟಿಗೆ ಹೊರಟರೆ ರಸ್ತೆ ಸಿಗುವುದಿಲ್ಲವಂತೆ! ಇದು ಅವರ ವಾದ. ಆದರೆ ಆ ಹೊತ್ತಿಗೆ ಸುತ್ತಿನ ಊರುಗಳಿಗೆಲ್ಲ ಬಸ್ಸು ಬಂದಿತ್ತು, ಸೈಕಲ್ಲು ಬಂದಿತ್ತು. ಡೇರೆಯ ಹೊರಗೆ ಮಾವನ ಗಾಡಿಗೆ ಅಡ್ಡವಿದ್ದದ್ದು ಅಗಸರ ಎರಡು ಕತ್ತೆ ಮಾತ್ರ.

ಆಟ ಮುಗಿದು ನಾನು ಹೊರಗೆ ಬಂದೆ. ನೊಗಕ್ಕೆ ಎತ್ತು ಕಟ್ಟಿ, ಗಾಡಿಯ ಮುಂದಿನ ಮೂಕಿಮರಕ್ಕೆ ಕೈಯೂರಿ ಮಾವ ನಿಂತಿದ್ದರು.

“ಏನಾಯ್ತ್ಲಾ ಕೊನೆಗೆ?”

“ತಾಯಿ ಬದುಕಿದಳು, ಕಳ್ಳ ಸಿಕ್ಕಿಬಿದ್ದ, ಮದುವೆ ಆಯ್ತು.”

“ಆಮ್ಯಾಕೆ?”

“ಆಮೇಲೆ ಶುಭಂ.”

“ಆ ಕುಂಟ ಆಳು ಏನಾದ?”

“ಯಾವ ಕುಂಟ ಮಾವ?”

“ಮೊದಲ್ನೇ ರೀಲಲ್ಲಿ ನೀರು ಸೇದ್ತಿದ್ನಲ್ಲ.”

“ಅವನನ್ನ ಮತ್ತೆ ತೋರಿಸಲೇ ಇಲ್ಲ.”

“ತೋರಿಸ್ದಿದ್ರೆ ಏನಾಯ್ತು? ನೀನ್ ಹೇಳು.”

“ತೋರಿಸದೇ ಇರೋದನ್ನ ನಾನೇನು ಹೇಳಲಿ?”

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬಿ.ಎ. ಓದಿದೀಯ. ಒಂದು ಕಥೆ ಕೊನೆ ಹೇಳಾಕೆ ಬರಾಕಿಲ್ವಲ್ಲೋ. ಏನ್ ಕಲಿಸಿದ್ರೋ ನಿಂಗೆ ಅಲ್ಲಿ?”

ಗಾಡಿ ಹೊರಟೇಹೋಯಿತು. ಇಡೀ ಮೈಸೂರು ವಿಶ್ವವಿದ್ಯಾನಿಲಯವನ್ನು ಒಂದೇ ಮಾತಿನಲ್ಲಿ ನಪಾಸು ಮಾಡಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಸಿನಿಮಾ ಒಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಅವರಿಗೆ ಪತ್ತೇದಾರಿ ಕಾದಂಬರಿಯ ಹುಚ್ಚೂ ಇತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಅಕ್ಷರವನ್ನೆಲ್ಲ ಕೊಲೆಗಡುಕರ ಮೇಲೆ ಖರ್ಚು ಮಾಡಿದ್ದರು. ಹೊಸ ಪುಸ್ತಕ ಬಂದರೆ ಮೊದಲ ಕೆಲಸ ಓದುವುದಲ್ಲ, ಹೊಲಿಯುವುದು. ಗೋಣಿಚೀಲ ಹೊಲಿಯುವ ದಬ್ಬಳ ತೆಗೆದು, ಕೊನೆಯ ಅಧ್ಯಾಯದ ಹಾಳೆಗಳನ್ನು ಸೆಣಬಿನ ದಾರದಲ್ಲಿ ಸುತ್ತಲೂ ಹೊಲಿದುಬಿಡುತ್ತಿದ್ದರು. ಆಮೇಲೆ ನೆಮ್ಮದಿಯಾಗಿ ಓದಿ, ಹೊಲಿಗೆ ಬಂದ ಕಡೆ ನಿಲ್ಲಿಸಿ, ಪುಸ್ತಕವನ್ನು ಯಾರಿಗಾದರೂ ಕೊಡುವುದು. ತೆಗೆದುಕೊಂಡವರು ಹೊಲಿಗೆ ಬಿಚ್ಚಿ, ಓದಿ, ಮತ್ತೆ ಹೊಲಿದು, ಮಾವನ ಮುಂದೆ ಕೂತು ಕೊಲೆಗಾರ ಯಾರೆಂದು ಹೇಳಬೇಕು. ಪುಸ್ತಕದ ಆಸೆಗೆ ಮೊದಮೊದಲು ಜನ ಒಪ್ಪಿದರು. ಆಮೇಲೆ, ಕೊಲೆಗಾರನನ್ನು ಹಿಡಿದ ಪತ್ತೇದಾರ ಮನೆಗೆ ಹೋಗಿ ಏನು ಉಂಡ ಅಂತ ಮಾವ ಕೇಳಲು ಶುರು ಮಾಡಿದ ಮೇಲೆ ಕೈಮುಗಿದರು. ಕ್ಷೌರದಂಗಡಿಯವನಂತೂ ಅವರು ಚೀಲದಿಂದ ಪುಸ್ತಕ ತೆಗೆಯುವುದನ್ನು ಕಂಡರೆ, ಅರ್ಧ ಕೆನ್ನೆ ಹೆರೆದ ಗಿರಾಕಿಯನ್ನೂ ಬಿಟ್ಟು ಹಿತ್ತಲಿಗೆ ಹೋಗುತ್ತಿದ್ದ.

ಒಂದು ಸಲ ಪಿರಿಯಾಪಟ್ಟಣದ ಕಡೆಯ ಕೊಲೆ ಕೇಸೊಂದು ಮೈಸೂರಿನ ಕೋರ್ಟಿನಲ್ಲಿ ನಡೆಯಿತು. ಸತ್ತವನೂ ನೆಂಟನಲ್ಲ, ಕೊಂದವನೂ ನೆಂಟನಲ್ಲ. ಆದರೂ ಮಾವ ಒಂದು ವಿಚಾರಣೆಯನ್ನೂ ತಪ್ಪಿಸಲಿಲ್ಲ. ಬೆಳಗಿನ ಬಸ್ಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು, ಸಂಜೆ ಬರುವುದು. ತೀರ್ಪಿನ ದಿನ ಮಾತ್ರ ಒಳಗೆ ಹೋಗದೆ ಆಚೆ ಮರದಡಿ ಕೂತರು. ಇದು ಒಬ್ಬ ಪೊಲೀಸಿನವನ ಕಣ್ಣಿಗೆ ಬಿತ್ತು. ಅನುಮಾನ ಬರದೆ ಇರುತ್ತದೆಯೇ?

“ಯಾರಯ್ಯ ನೀನು? ಸತ್ತೋನ ಕಡೆಯೋ, ಕೊಂದೋನ ಕಡೆಯೋ?”

“ಕೇಳೋನ ಕಡೆ ಸ್ವಾಮಿ. ಏನಾಯ್ತು ಒಳಗೆ?”

“ಜೀವಾವಧಿ.”

“ಅವನೆಂಡ್ತಿ ಏನ್ ಮಾಡುದ್ಲು?”

“ಅತ್ತಳು.”

“ಆಮ್ಯಾಕೆ?”

“ಆಮೇಲೆ ಹೋದಳು.”

“ಎಲ್ಲಿಗೆ ಸ್ವಾಮಿ?”

ಪೊಲೀಸಿನವನು ಟೋಪಿ ಸರಿಮಾಡಿಕೊಂಡು ಜಾಗ ಖಾಲಿ ಮಾಡಿದನಂತೆ. ಇದನ್ನು ನನಗೆ ಹೇಳಿದವರು ಮಾವನೇ. ಬಹಳ ಬೇಸರದಲ್ಲಿದ್ದರು. “ಅಷ್ಟು ದೊಡ್ಡ ಕೋರ್ಟು ಕಣ್ಲಾ. ಒಬ್ಬನಿಗೂ ಆ ಹೆಂಗಸು ಎಲ್ಲಿಗೆ ಹೋದ್ಲು ಅಂತ ಗೊತ್ತಿಲ್ಲ.”

ಹೋಗಲಿ, ಅವರ ಊರಿನವರೇ ಸಿನಿಮಾಗೆ ಬರುತ್ತಿದ್ದರಲ್ಲ, ಗಾಡಿಯಲ್ಲಿ ಕೂತು ಕೊನೆ ಹೇಳಬಾರದಿತ್ತೇ? ಕೂತು ನೋಡಿದರು. ಗಾಡಿಯಲ್ಲಿ ದಪ್ಪಗೆ ಹುಲ್ಲು ಹಾಸಿ, ಮೇಲೊಂದು ಜಮಖಾನ ಹೊದಿಸಿರುತ್ತಿದ್ದರು. ಮಾವ ಕೂರುವುದು ಮುಂದೆ, ಮೂಕಿಯ ಮೇಲೆ. ಜಮಖಾನ ಯಾರಿಗೆ ಅಂತ ಯಾರೂ ಕೇಳಲಿಲ್ಲ, ಹತ್ತಿ ಮಲಗಿದರು. ಮಲಗಿದವರನ್ನು ಮಾವ ಚಾವಟಿಯ ಕೋಲಿನಿಂದ ತಿವಿದು ತಿವಿದು ಎಬ್ಬಿಸಿ, “ಆ ಕುದುರೆ ಯಾರಿಗಾಯ್ತು?” ಎನ್ನುತ್ತಿದ್ದರು. ಎರಡು ಪಿಚ್ಚರ್ ಆಗುವಷ್ಟರಲ್ಲಿ ಊರಿನವರೆಲ್ಲ ನಡೆದುಕೊಂಡೇ ಹೋಗುವುದು ಆರೋಗ್ಯಕ್ಕೆ ಒಳ್ಳೆಯದೆಂದು ತೀರ್ಮಾನಿಸಿದರು. ಅಂದಿನಿಂದ ಗಾಡಿ ಖಾಲಿ. ಡೇರೆಯನ್ನು ಕಿತ್ತು ಕೆಲವು ತಿಂಗಳು ಕಾಡಿನ ಕಡೆಯ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಹಾಕಿದಾಗಲೂ ಮಾವ ಅಷ್ಟು ದೂರ ಖಾಲಿ ಗಾಡಿ ಹೊಡೆದುಕೊಂಡು ಹೋದರು. ಕಾಕನಕೋಟೆ ಕಾಡಿನಿಂದ ಆನೆ ಇಳಿದಿದೆ, ಒಬ್ಬರೇ ಹೋಗಬೇಡಿ ಎಂದರೆ, “ಅದಾದ್ರೂ ಜೊತೆಗೆ ಬತ್ತದೇನೋ ನೋಡಾನ” ಅಂದರು. ನಾವೆಲ್ಲ ನಕ್ಕೆವು.

ಒಮ್ಮೆ ಅವ್ವ ನನ್ನ ಹುಣಸೂರಿನ ಮನೆಯಲ್ಲಿ ನಾಲ್ಕು ದಿನ ಇರಲು ಬಂದಿದ್ದಳು. ಈ ದಬ್ಬಳದ ಕಥೆಯನ್ನೆಲ್ಲ ರಸವತ್ತಾಗಿ ಹೇಳಿದೆ. ಅವಳು ನಗಲಿಲ್ಲ. ಅವರೆಕಾಳು ಹಿಸುಕುತ್ತಿದ್ದ ಕೈ ನಿಲ್ಲಿಸಿದಳು.

“ಕೊನೆ ಅನ್ನಾದು ನಿಮ್ಮತ್ತೆ ಪಾಲು ಕಣೋ. ಗಾಡಿ ಜಾಸ್ತಿ ಇದ್ದ ಕಾಲ. ನಮ್ಮಣ್ಣ ಎತ್ತು ಕಟ್ಟಾಕೆ ಎದ್ದೋಗೋನು. ಅವಳು ಪೂರ್ತಿ ನೋಡ್ಕಂಡು ಬಂದು, ಹಿಂದೆ ಜಮಖಾನದ ಮ್ಯಾಲೆ ಕೂತು ಊರು ಮುಟ್ಟೋಗಂಟ ಹೇಳೋಳು. ಪುಸ್ತಕನೂ ಅಂಗೇಯ. ಇವನು ಓದೋನು, ಅವಳು ಕೇಳೋಳು. ಕೊನೆ ಬಂದ್ರೆ, ‘ಮುಚ್ಚಿ ಪುಸ್ತಕ, ನಾನ್ ಹೇಳ್ತೀನಿ’ ಅನ್ನೋಳು.”

“ಅತ್ತೆಗೆ ಓದೋಕೆ ಬರ್ತಿರಲಿಲ್ವಲ್ಲವ್ವ.”

“ಅದಕ್ಕೇ ಚೆನ್ನಾಗಿ ಹೇಳೋಳು. ಒಂದ್ಸಲ ನಾನೂ ಪಿಚ್ಚರ್‌ಗೆ ಅವರ ಜೊತೆ ಹೋಗಿದ್ದೆ. ಗಾಡೀಲಿ ಅವಳು ಹೇಳಿದ್ರಲ್ಲಿ ಒಂದೂ ಆ ಪಿಚ್ಚರ್‌ನಲ್ಲಿ ಇರ್ಲಿಲ್ಲ. ಸತ್ತೋರೆಲ್ಲ ಎದ್ದು ಕೂತ್ರು. ಕಳ್ಳ ಬುದ್ಧಿ ಕಲ್ತು ಪಿರಿಯಾಪಟ್ಟಣದಲ್ಲಿ ಕಾಫಿ ಹೋಟ್ಲು ಇಟ್ಟ.”

“ಮಾವಂಗೆ ನೀನು ಹೇಳಲಿಲ್ವಾ?”

“ನಂಗ್ಯಾಕೆ? ಚೆಂದಾಗಿತ್ತು.”

ಆ ವಾರ, ಹುಣಸೂರಿಗೆ ಮರಳಿದ್ದ ಡೇರೆಗೆ ಬಂದದ್ದು ಹಳೆಯ ಪಿಚ್ಚರ್, ಹಿಂದೊಮ್ಮೆ ಕೆ.ಆರ್. ನಗರದ ಡೇರೆಯಲ್ಲಿ ಓಡಿದ್ದು. ಬಡವರ ಹುಡುಗಿಯೊಬ್ಬಳು ಕಾಯಿಲೆ ಬಿದ್ದು ಸಾಯುವ ಕಥೆ. ಶನಿವಾರ ಮಧ್ಯಾಹ್ನವೇ ಸ್ಕೂಲು ಬಿಟ್ಟಿತು. ಮಾವನ ಊರಿಗೆ ಬರುತ್ತೇನೆಂದು ಮೊದಲೇ ಹೇಳಿ, ಡೇರೆಯಲ್ಲಿ ಕೂತು ಕೊನೆಯವರೆಗೂ ನೋಡಿ, ಗಾಡಿ ಹತ್ತಿದೆ. ಜಮಖಾನದ ಮೇಲೆ ಕೂತೆ. ಗಾಡಿ ಹುಣಸೂರಿನ ಹೊರಗಿನ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳನ್ನು ದಾಟಿತು. ಆಮೇಲೆ ಮಾವ ಹಿಂದೆ ತಿರುಗದೆ ಕೇಳಿದರು.

“ಏನಾಯ್ತ್ಲಾ?”

“ಹುಡುಗಿ ಸತ್ತಳು ಮಾವ.”

“ಸಾಯಾಕಿಲ್ಲ. ಕೆ.ಆರ್. ನಗರದಲ್ಲಿ ನಿಮ್ಮತ್ತೆ ನೋಡಿದ್ಲು. ಹುಡುಗಿ ಎದ್ದು ಕೂತು ಗಂಜಿ ಕುಡುದ್ಲು. ಮುದ್ದೆ ಬೇಡ, ಗಂಜೀನೇ ಸಾಕು ಅಂದ್ಲಂತೆ.”

ಕಷ್ಟಪಟ್ಟು ಓದಿದವನಿಗೆ ಸುಳ್ಳು ಕಂಡರೆ ಸುಮ್ಮನಿರಲಾಗುವುದಿಲ್ಲ. “ಈಗ ಕಣ್ಣಾರೆ ನೋಡಿ ಬಂದಿದೀನಿ ಮಾವ. ಚಟ್ಟ ಕಟ್ಟಿದರು, ತಾಯಿ ಎದೆ ಬಡಕೊಂಡಳು. ಅತ್ತೆ ಎಲ್ಲಾನೂ ಬದಲಾಯಿಸಿ ಹೇಳ್ತಿದ್ದರು. ನಿಮಗೆ ಗೊತ್ತಿಲ್ಲ.”

ಮಾವ ಹೆಗಲ ಟವಲು ತೆಗೆದು ಕೊಡವಿ, ಮತ್ತೆ ಹೆಗಲಿಗೇ ಹಾಕಿಕೊಂಡರು.

“ಡೇರೆ ಬಟ್ಟೇದು ಕಣ್ಲಾ,” ಎಂದರು. “ಆಚೆ ನಿಂತೋನಿಗೆ ಕಿವಿ ಇರಾಕಿಲ್ವ? ಆ ತಾಯಿ ಅತ್ತಿದ್ದು ಅವತ್ತೂ ಕೇಳ್ತು, ಇವತ್ತೂ ಕೇಳ್ತು.”

“ಹಾಗಾದರೆ ಅತ್ತೆಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅವಳು ಹೇಳಾದು ನಿಲ್ಸೋಳು.”

ಇಷ್ಟೇ. ಮತ್ತೆ ಮೊದಲಿನ ಹಾಗೆ ಎತ್ತಿನ ಬೆನ್ನು ನೋಡುತ್ತಾ ಕೂತರು. ಗಾಡಿಯ ಲಾಟೀನು ಅಲ್ಲಾಡುತ್ತಿತ್ತು, ಬೆಳಕು ಒಮ್ಮೆ ಅವರ ಬೆನ್ನಿಗೆ, ಒಮ್ಮೆ ನನ್ನ ಪಕ್ಕದ ಖಾಲಿ ಜಮಖಾನಕ್ಕೆ ಬೀಳುತ್ತಿತ್ತು. ಹುಲ್ಲು ಹೊಸದು. ಪ್ರತಿ ಆಟಕ್ಕೂ ಹೊಸ ಹುಲ್ಲು ಹಾಸುತ್ತಿದ್ದರೆಂದು ಕಾಣುತ್ತದೆ.

ನಾನು ಗಂಟಲು ಸರಿಮಾಡಿಕೊಂಡೆ. ಬಿ.ಎ.ಯಲ್ಲಿ ಇದಕ್ಕೆ ಯಾವ ಪಾಠವೂ ಇರಲಿಲ್ಲ.

“ಚಟ್ಟ ಕಟ್ಟಿದ್ದು ನಿಜ ಮಾವ. ಆದರೆ ಹೊತ್ಕೊಂಡು ಹೋಗ್ತಿದ್ದಾಗ ಹಾದೀಲಿ ಮಳೆ ಬಂತು. ಮೊಕದ ಮ್ಯಾಲೆ ನಾಲ್ಕು ಹನಿ ಬಿತ್ತು ನೋಡಿ, ಹುಡುಗಿ ಕಣ್ಣು ಬಿಟ್ಟಳು.”

ಮಾವ ತಿರುಗಲಿಲ್ಲ. ಹಗ್ಗ ಮಾತ್ರ ಸ್ವಲ್ಪ ಹಿಂದಕ್ಕೆ ಎಳೆದರು. ಎತ್ತು ನಡಿಗೆ ನಿಧಾನ ಮಾಡಿದವು.

“ಹೊತ್ತಿದ್ದೋರು ಎದರ್ಕಂಡು ಬಿಟ್ಟು ಓಡ್ಲಿಲ್ವ?”

“ಮೂರು ಜನ ಓಡಿದರು. ಒಬ್ಬ ಓಡಲಿಲ್ಲ. ಮೊದಲನೇ ರೀಲಲ್ಲಿ ಅವಳ ಮನೆಗೆ ಹಾಲು ಹಾಕ್ತಿದ್ದನಲ್ಲ, ಅವನು.”

“ಅಂಗ್ ಹೇಳು ಮತ್ತೆ.” ಹಗ್ಗ ಇನ್ನೂ ಸ್ವಲ್ಪ ಬಿಗಿಯಾಯಿತು. “ಅವಸರ ಮಾಡ್ಬ್ಯಾಡ. ಊರು ಇನ್ನೂ ದೂರ ಅದೆ.”

ಊರಿನ ದೀಪಗಳು ಎದುರಿಗೇ ಕಾಣುತ್ತಿದ್ದವು.