ಹವಾಲ್ದಾರ್ ಮಾನ್ವೆಲ್ಲರ ಎಡತೊಡೆ

ಮಾನ್ವೆಲ್‌ನ ಮೊಬೈಲಿನಲ್ಲಿ ಸ್ಪೀಕರ್ ಯಾವಾಗಲೂ ಆನ್ ಆಗಿಯೇ ಇರುತ್ತಿತ್ತು. ಕಾರ್ಗಿಲ್ ಲಡಾಯಿಯಲ್ಲಿ ತೋಪಿನ ಪಕ್ಕ ನಿಂತೂ ನಿಂತೂ ಅವನ ಎರಡೂ ಕಿವಿಗಳು ಅವನಿಗಿಂತ ಮೊದಲೇ ಸೇವೆಯಿಂದ ನಿವೃತ್ತಿ ಹೊಂದಿದ್ದವು. ಹಾಗಾಗಿ ದಾಂಡೇಲಿಯ ಆ ಓಣಿಯಲ್ಲಿ ಅವನಿಗೆ ಬಂದ ಫೋನು ಅಂದರೆ ಎಲ್ಲರಿಗೂ ಬಂದ ಫೋನು. ಅವತ್ತು ರವಿವಾರ. ಚರ್ಚಿನಿಂದ ಬಂದು ಅಂಗಳದಲ್ಲಿ ಕೂತು ಚಹಾವನ್ನು ಬಸಿಗೆ ಹೊಯ್ದುಕೊಳ್ಳುತ್ತಿದ್ದಾಗ ಫೋನು ಗುಡುಗಿತು.

"ಲೇ ಮಾನ್ವೆಲ್! ನಾ ಹಾಶಿಮ, ಮುಂಡಗೋಡದಾಗಿಂದ! ನಮ್ಮ ತೋಪಿನ ಹಾಶಿಮಲೇ!"

ಬಸಿಯಲ್ಲಿದ್ದ ಚಹಾ ಮಾನ್ವೆಲ್‌ನ ಲುಂಗಿಗೆ ಬಂತು. ಫೌಜು ಬಿಟ್ಟು ಮನೆಗೆ ಬಂದ ಮೇಲೆ ಅವನು ಈ ದನಿ ಕೇಳಿರಲಿಲ್ಲ.

"ನಮ್ಮ ತುಕಡಿ ಚಿಗಳ್ಳಿ ಅಂದಾನೆಪ್ಪನೂ ಸಿಕ್ಕಾನ! ಇಬ್ರೂ ಬಸ್ ಹತ್ತೇವಿ, ನಿಮ್ಮ ಮನಿಗೇ ಬರಾಕತ್ತೇವಿ. ಕುಂತು ಹಳೇದೆಲ್ಲಾ ಮಾತಾಡೂಣು. ನಿನಗ ಆ ಹೇಸರಗ..."

ಕೈಬಾಂಬಿನ ಮೇಲೆ ಬೀಳುವ ಸಿಪಾಯಿಯ ಹಾಗೆ ಮಾನ್ವೆಲ್ ಫೋನಿನ ಮೇಲೆ ಬಿದ್ದು ಕಟ್ ಮಾಡಿದ. ಪಕ್ಕದ ಕಟ್ಟೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದ ಸಕ್ಕುಬಾಯಿಯ ಕೈ ಅಲ್ಲೇ ನಿಂತಿತು.

"ಹೇಸರ ಏನಂದ್ರಿ ಅಣ್ಣಾರ ಅವ್ರು?"

"ಹೆಸರುಂಡಿ! ಹೆಸರುಂಡಿ ಮಾಡಿಸಿ ಇಡು ಅಂದಾ. ಭಾಳ ಇಷ್ಟ ಅವಗ."

ಒಳಗಿದ್ದ ಹೆಂಡತಿ ಜುಲಿಯಾನಾ ಇದನ್ನು ಕೇಳಿ, ಇದ್ದಕ್ಕಿದ್ದಂತೆ ಹೆಸರುಕಾಳು ಹುರಿಯಲು ಕೂತಳು.

ಮಾನ್ವೆಲ್ ಒದ್ದೆ ಲುಂಗಿಯಲ್ಲೇ ಅಂಗಳದಲ್ಲಿ ಅತ್ತಿಂದಿತ್ತ ತಿರುಗತೊಡಗಿದ. ಓಣಿಗೆ ಗೊತ್ತಿದ್ದ ಕಥೆ ಹೀಗೆ: ವೈರಿಯ ಗುಂಡು ಸಿಡಿದು, ಕಬ್ಬಿಣದ ಚೂರು ಹವಾಲ್ದಾರ್ ಮಾನ್ವೆಲ್ಲರ ಎಡತೊಡೆ ಸೀಳಿಕೊಂಡು ಹೋಯಿತು, ಆದರೂ ಅವರು ತೋಪಿಗೆ ಗುಂಡು ತುಂಬುವುದನ್ನು ನಿಲ್ಲಿಸಲಿಲ್ಲ, ಅದಕ್ಕೇ ಈಗಲೂ ಕುಂಟುತ್ತಾರೆ. ಈ ಕುಂಟು ನಡಿಗೆಗೆ ಝೆಂಡಾ ಹಾರಿಸುವ ದಿನ ಮೊದಲನೇ ಸಾಲಿನ ಕುರ್ಚಿ ಇತ್ತು. ಜುಲಿಯಾನಾ ಚರ್ಚಿನಲ್ಲಿ ಕೂರುವಾಗ ಉಳಿದ ಹೆಂಗಸರು ಸರಿದು ಜಾಗ ಕೊಡುತ್ತಿದ್ದರು.

ಮಾನ್ವೆಲ್‌ಗೆ ಗೊತ್ತಿದ್ದ ಕಥೆ ಬೇರೆ. ಗುಂಡುಗಳು ಬೀಳುತ್ತಿದ್ದದ್ದು ಖರೆ, ಹೊಗೆ ಮುಸುಕಿದ್ದದ್ದೂ ಖರೆ. ಆದರೆ ಹಿಂದಿನಿಂದ ಝಾಡಿಸಿ ಒದ್ದದ್ದು ಸಾಮಾನು ಹೊರುವ ಒಂದು ಹೇಸರಗತ್ತೆ. ಅದೂ ತೊಡೆಗಲ್ಲ, ತೊಡೆಗಿಂತ ಒಂದು ಮಹಡಿ ಮೇಲೆ. ಮೂತಿ ನೆಲಕ್ಕೆ ಹಚ್ಚಿ ಬಿದ್ದವನು ಹೊರಳಿ ನೋಡಿದಾಗ ಅದು ಹಲ್ಲು ಬಿಟ್ಟುಕೊಂಡು ನಿಂತಿತ್ತು. ಯಾರೋ ಮುಲಾಮು ಮೆತ್ತಿ ಪಟ್ಟಿ ಕಟ್ಟಿದ್ದರು, ಇಡೀ ತುಕಡಿ ನಕ್ಕಿತ್ತು. ಆ ನಕ್ಕವರಲ್ಲಿ ಮೊದಲಿಗನೇ ಹಾಶಿಮ.

ಅಷ್ಟರಲ್ಲಿ ಸಕ್ಕುಬಾಯಿ ಸುದ್ದಿಯನ್ನು ಲಗಮಪ್ಪನಿಗೆ ಮುಟ್ಟಿಸಿ ಆಗಿತ್ತು. ಲಗಮಪ್ಪ ಮಿಲ್ಲಿನಿಂದ ನಿವೃತ್ತನಾದ ಮೇಲೆ ಓಣಿಯ ಎಲ್ಲ ಮದುವೆ, ಮುಂಜಿ, ಸಾವುಗಳಿಗೂ ತಾನೇ ಅಧ್ಯಕ್ಷನೆಂದು ತಿಳಿದುಕೊಂಡಿದ್ದ.

"ಹವಾಲ್ದಾರ್ರ, ಮೂರು ಮಂದಿ ವೀರರು ಒಂದ ಅಂಗಳದಾಗ! ಸತ್ಕಾರ ಮಾಡ್ಲಿಲ್ಲಂದ್ರ ಓಣಿ ಮರ್ಯಾದಿ ಏನಾಗಬೇಕ್ರಿ?"

"ಬ್ಯಾಡ್ರಿ ಲಗಮಪ್ಪಣ್ಣಾ, ಅವ್ರು ಭಾಳ ನಾಚಿಗಿ ಮಂದಿ."

"ತೋಪು ಹಾರಿಸಿದವ್ರಿಗೆ ಎಂಥಾ ನಾಚಿಗಿ? ಮೈಕ್‌ನವಗ ಹೇಳಿ ಬಂದೇನಿ."

ಉಳಿದದ್ದು ಒಂದೇ ಉಪಾಯ: ಬಸ್ ಸ್ಟ್ಯಾಂಡಿನಲ್ಲೇ ಹಾಶಿಮನನ್ನು ಹಿಡಿದು ಬಾಯಿಗೆ ಬೀಗ ಹಾಕುವುದು. ಮಾನ್ವೆಲ್ ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದರೆ ಲಗಮಪ್ಪ ಕೈಯಲ್ಲಿ ಮಾಲೆ ಹಿಡಿದು ಆಗಲೇ ನಿಂತಿದ್ದ.

ಬಸ್ಸಿನಿಂದ ಮೊದಲು ಹಾಶಿಮನ ಮೆಹೆಂದಿ ಹಚ್ಚಿದ ಗಡ್ಡ ಇಳಿಯಿತು, ಹಿಂದೆ ಹಾಶಿಮ ಇಳಿದ. ಅವನ ಹಿಂದೆ ಅಂದಾನೆಪ್ಪ. ಬಸ್ಸಿನ ಗದ್ದಲ ತಾಳಲಾರದೆ ಕಿವಿಯ ಮಶಿನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡಿದ್ದ. ಮೂವರೂ ತಬ್ಬಿಕೊಂಡು ಒಬ್ಬರ ಕಿವಿಯಲ್ಲಿ ಒಬ್ಬರು ಕೂಗಿದರು.

"ಮುದುಕ ಆಗೀಯಲೇ!" ಎಂದ ಮಾನ್ವೆಲ್.

"ಹೂಂ, ಚಕ್ಕಡಿನ ಮಾರಿಬಿಟ್ನಿ!" ಎಂದ ಅಂದಾನೆಪ್ಪ.

"ಜಗಳಾ ಆ ಕಡೆ ಹೋಗಿ ಆಡ್ರಿ ಯಜಮಾನ್ರ, ಬಸ್ ತೆಗೀಬೇಕು," ಎಂದ ಕಂಡಕ್ಟರ್.

ಮಾನ್ವೆಲ್ ಲಗಮಪ್ಪನನ್ನು ಸೋಡಾ ತರಲು ಅಟ್ಟಿದ. ಕೂಗಿ ಹೇಳಿದರೆ ಅರ್ಧ ದಾಂಡೇಲಿಗೆ ಕೇಳುತ್ತದೆ. ಹಾಗಾಗಿ ಸನ್ನೆಗೆ ಇಳಿದ. ಮೊದಲು ತನ್ನ ಹಿಂಭಾಗವನ್ನು ತಟ್ಟಿ ತೋರಿಸಿದ. ಆಮೇಲೆ ಕೈಗಳನ್ನು ತಲೆಯ ಮೇಲೆ ಕಿವಿಯಂತೆ ನಿಲ್ಲಿಸಿ, ಒಂದು ಕಾಲಿನಿಂದ ಹಿಂದಕ್ಕೆ ಝಾಡಿಸಿದ. ಕೊನೆಗೆ ತುಟಿಯ ಮೇಲೆ ಬೆರಳಿಟ್ಟ. ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು ಚೀಲ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು.

ಹಾಶಿಮ ಗಂಭೀರವಾಗಿ ಎಲ್ಲವನ್ನೂ ನೋಡಿ, "ಅರ್ಜೆಂಟ್ ಐತೇನು? ಅಲ್ಲೇ ಐತಿ ನೋಡು," ಎಂದು ಶೌಚಾಲಯದ ಕಡೆ ಕೈ ತೋರಿಸಿದ. ಮತ್ತೆ ಸನ್ನೆ ಶುರು ಮಾಡುವಷ್ಟರಲ್ಲಿ ಸೋಡಾ ಬಂತು.

ಅಂಗಳದಲ್ಲಿ ಕುರ್ಚಿ, ಮೈಕು, ಶಾಲು, ಹೆಸರುಂಡಿ ಎಲ್ಲ ಸಿದ್ಧವಾಗಿದ್ದವು. ಲಗಮಪ್ಪ ಮೈಕು ಹಿಡಿದು ಎಡತೊಡೆಯ ಕಥೆಯನ್ನು ಶುರು ಮಾಡಿದ. ಸ್ಪೀಕರಿನ ಡಬ್ಬಿ ಹಾಶಿಮನ ಕಿವಿಯ ಪಕ್ಕದಲ್ಲೇ ಇದ್ದುದರಿಂದ ಅವತ್ತು ಮೊದಲ ಸಲ ಅವನಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಬಸ್ ಸ್ಟ್ಯಾಂಡಿನ ಕುಣಿತದ ಅರ್ಥ ಈಗ ಹೊಳೆಯಿತು. ಅವನು ಮಾನ್ವೆಲ್ ಕಡೆ ನೋಡಿ ಕಣ್ಣು ಹೊಡೆದ. ಗೆಳೆಯನ ಸುಳ್ಳಿಗೆ ಹೆಗಲು ಕೊಡದವನು ಎಂಥ ತೋಪಿನವನು!

ಮೈಕು ಅವನ ಕೈಗೆ ಬಂದದ್ದೇ ತಡ, "ಬಂಧುಗಳ!" ಎಂದು ಗುಡುಗಿದ. "ನಮ್ಮ ಮಾನ್ವೆಲ್ ದೊಡ್ಡ ಮನಶ್ಯಾ. ನಿಮಗ ಅರ್ಧಾ ಅಷ್ಟ ಹೇಳ್ಯಾನ. ಚೂರು ತೊಡಿ ಸೀಳಿ ಹೊರಗ ಹೋಗಿಲ್ಲ. ಅದು ಇನ್ನೂ ಒಳಗ ಐತಿ!"

ಚಪ್ಪಾಳೆ ಬರಲಿಲ್ಲ. ಜುಲಿಯಾನಾಳ ಕೈಯಿಂದ ಉಂಡೆಯ ತಾಟು ಜಾರಿತು.

"ಇಷ್ಟು ವರ್ಷ ಮೈಯಾಗ ಕಬ್ಬಿಣ ಇಟ್ಕೊಂಡು ನನ್ನ ಮಗ್ಗಲಾಗ ಮಲಗೀರಿ? ಒಂದ ಮಾತು ಹೇಳಾಕ ಬರ್ತಿರಲಿಲ್ಲೇನ್ರಿ?"

"ನಮ್ಮ ಮೈದುನನ ಕಾಲಾಗ ಬರೇ ಮುಳ್ಳು ಉಳದು ಕಾಲು ಕುಂಬಳಕಾಯಿ ಆಗಿತ್ರಿ," ಎಂದು ಸಕ್ಕುಬಾಯಿ ಎದೆ ಬಡಿದುಕೊಂಡಳು. "ಇದು ಕಬ್ಬಿಣ! ದಾಂಡೇಲಿ ಹವಾಕ್ಕ ಗೇಟಿಗೇ ತುಕ್ಕು ಹಿಡೀತೈತಿ, ಮನಶ್ಯಾನ ಮೈ ಏನು ತಾಳೀತು?"

"ನನಗೇನೂ ಆಗಿಲ್ಲ!" ಎಂದು ಮಾನ್ವೆಲ್ ಎದ್ದು ನಿಂತ. ನಿಂತಾಗ ರೂಢಿಯಂತೆ ಕುಂಟಿದ. ಅಷ್ಟೇ ಸಾಕಾಯಿತು. ಲಗಮಪ್ಪ ಮೂರುಗಾಲಿಯ ಟಂಟಂ ಗಾಡಿ ಕರೆಸಿದ. ಶಾಲು ಹೊದಿಸಿದ್ದ ಹಾಗೆಯೇ ಮಾನ್ವೆಲ್‌ನನ್ನು ಅದರಲ್ಲಿ ಬೋರಲು ಮಲಗಿಸಿ, ನಾಲ್ಕು ಮಂದಿ ಹಿಡಿದುಕೊಂಡು ದವಾಖಾನೆಗೆ ಹೊರಟರು. ತಗ್ಗು ಬಂದಾಗೆಲ್ಲ ಮಾನ್ವೆಲ್ "ಅಯ್ಯೋ" ಅನ್ನುತ್ತಿದ್ದ. ಪ್ರತಿ "ಅಯ್ಯೋ"ಗೂ ಸಕ್ಕುಬಾಯಿ, "ನೋಡ್ರಿ, ಚೂರು ಒಳಗ ಅಳ್ಳಾಡಾಕತ್ತೈತಿ," ಅನ್ನುತ್ತಿದ್ದಳು.

ಡಾಕ್ಟರ್ ಶೈಸ್ತಾ ಸಮಾಧಾನದ ಹೆಣ್ಣುಮಗಳು. ಸೊಂಟದಿಂದ ತೊಡೆಯವರೆಗೆ ಎಕ್ಸ್‌ರೇ ತೆಗೆಸಿ, "ಕುಂಡ್ರಿ. ಏನರ ಇದ್ರ ಕೊಯ್ದು ತಗದರಾಯ್ತು," ಎಂದು ಒಳಗೆ ಹೋದರು.

ಕೊಯ್ಯುವ ಮಾತು ಕೇಳಿ ಮಾನ್ವೆಲ್ ಧಡಕ್ಕನೆ ಎದ್ದ. ಹಾಶಿಮನನ್ನು ಎಳೆದುಕೊಂಡು ಮೂಲೆಗೆ ಹೋಗಿ, ಅವನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ. ಆದರೆ ತೋಪಿನವನ ಪಿಸುಮಾತು! ಪಿಸುಗುಟ್ಟುತ್ತಿದ್ದೇನೆಂದು ಅವನೊಬ್ಬನೇ ತಿಳಿದಿದ್ದ.

"ಮೂರ್ಖಾ! ಒಳಗೇನೈತಿ ಒಳಗ? ನನ್ನ ಒದ್ದದ್ದು ಹೇಸರಗತ್ತಿ!"

"ಆಂ? ಹೆಸರ?"

"ಹೇಸರಗತ್ತಿಲೇ, ಖಚ್ಚರ್! ಕುಂಡಿಗೆ ಒದ್ದಿದ್ದಿಲ್ಲೇನು? ಜುಲಿಯಾನಾಗ ಗೊತ್ತಾದ್ರ ನನ್ನ ಕಥಿ ಮುಗೀತು!"

ಪಡಸಾಲೆಯಲ್ಲಿ ಅಳುತ್ತಿದ್ದ ಕೂಸೊಂದು ಸುಮ್ಮನಾಯಿತು. ನರ್ಸೊಬ್ಬಳು ಇಂಜೆಕ್ಷನ್ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ಮಾನ್ವೆಲ್ ಹೊರಳಿ ನೋಡಿದರೆ, ಇಡೀ ಓಣಿ ಅವನನ್ನೇ ನೋಡುತ್ತಿತ್ತು. ಜುಲಿಯಾನಾ ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಅಂದ್ರ ಮುಂಜಾನೆ ಫೋನಿನ್ಯಾಗ ಅಂದದ್ದು ಹೆಸರುಂಡಿ ಅಲ್ಲಾ!" ಎಂದಳು ಸಕ್ಕುಬಾಯಿ.

ಲಗಮಪ್ಪ ಮುಂದೆ ಬಂದು, ಮಾನ್ವೆಲ್‌ನ ಹೆಗಲಿನ ಶಾಲನ್ನು ಮೆಲ್ಲಗೆ ತೆಗೆದು, ಚೆಂದಾಗಿ ಮಡಚಿ ಕಂಕುಳಲ್ಲಿಟ್ಟುಕೊಂಡ.

ಮಾನ ಹೋಯಿತು. ಹೋಗಲಿ, ಚಾಕುವಿನಿಂದಾದರೂ ಪಾರಾದೆನಲ್ಲ ಎಂದು ಮಾನ್ವೆಲ್ ಬೆಂಚಿನ ಮೇಲೆ ಕುಸಿದ. ಅಷ್ಟರಲ್ಲಿ ಶೈಸ್ತಾ ಡಾಕ್ಟರ್ ಎಕ್ಸ್‌ರೇ ಹಿಡಿದುಕೊಂಡು ಹೊರಗೆ ಬಂದರು.

"ಹವಾಲ್ದಾರ್ರ, ಒಳಗ ಚೂರು ಐತ್ರಿ."

ಕರಿ ಹಾಳೆಯ ಮೇಲೆ ಬೆಳ್ಳಗೆ, ಮುರಿದ ಹಲ್ಲಿನಂಥ ಒಂದು ತುಣುಕು. ಎಲ್ಲರೂ ಬಗ್ಗಿ ನೋಡಿದರು. ದವಾಖಾನೆ ಶಾಂತವಾಗಿದೆಯೆಂದು ಆಗಷ್ಟೇ ಕಿವಿಗೆ ಮಶಿನ್ನು ಸಿಕ್ಕಿಸಿಕೊಂಡಿದ್ದ ಅಂದಾನೆಪ್ಪನೂ ಬಗ್ಗಿ ನೋಡಿದ.

"ಮತ್ತ ಇರೂದಿಲ್ಲೇನ್ರಿ?" ಎಂದ ಅವನು. "ಗುಂಡು ಸಿಡಿದಾಗ ಆ ಹೇಸರಗತ್ತಿ ಹಗ್ಗ ನನ್ನ ಕೈಯಾಗ ಇತ್ತು. ಅದು ಬಡಪಾಯಿ ಕಾಲೇ ಎತ್ತಿಲ್ಲ. ಚೂರು ಬಡದು ಇಂವಾ ಬಿದ್ದಾ. ಹೊಳ್ಳಿ ನೋಡಿದಾಗ ಅದು ಕಂಡ್ತು, ಒದ್ದ ತಪ್ಪು ಅದರ ಮ್ಯಾಲ ಹಾಕಿದಾ."

"ಅವತ್ತ ಯಾಕ ಹೇಳ್ಲಿಲ್ಲಲೇ?" ಎಂದು ಮಾನ್ವೆಲ್ ಚೀರಿದ.

"ಗಂಟ್ಲ ಹರಕೊಂಡು ಹೇಳಿದ್ನಿ. ನಿಮಗ ಯಾರಿಗೆ ಕಿವಿ ಕೇಳ್ತಿತ್ತು?"

ಮಾನ್ವೆಲ್ ಕುಂಟುವುದನ್ನೂ ಮರೆತು ಜಿಗಿದು ನಿಂತ. ಕಣ್ಣಲ್ಲಿ ನೀರೇ ಬಂತು. "ಕೇಳಿದ್ರಿಲ್ಲೋ? ನಾ ಹೇಳಿದ್ದ ಖರೆ! ಇಷ್ಟು ವರ್ಷ ನಾ ಹೇಳಿದ ಸುಳ್ಳು ಪೂರಾ ಖರೆ ಐತಿ!"

"ಸುಳ್ಳು ಖರೆ ಐತಂತ," ಎಂದು ಸಕ್ಕುಬಾಯಿ ಪಕ್ಕದವಳಿಗೆ ಹೇಳಿದಳು.

"ದೋಸ್ತರು ಮೂರೂ ಮಂದಿ ಕೂಡಿ ಹೊಂದಿಸ್ಯಾರ," ಎಂದ ಲಗಮಪ್ಪ. ಶಾಲನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು ಡಾಕ್ಟರ ಕಡೆ ತಿರುಗಿದ. "ಬಾಯಾರ, ಅದು ಹೇಸರಗತ್ತಿ ಲಾಳದ ಚೂರು ಇರಬೋದಲ್ರಿ?"

"ಲೋಹ ಅನ್ನೂದಷ್ಟ ಕಾಣ್ತೈತ್ರಿ. ತೋಪಿಂದೋ ಲಾಳದ್ದೋ ಅಂತ ಎಕ್ಸ್‌ರೇ ಹೇಳೂದಿಲ್ಲ. ನಾಳೆ ಮುಂಜಾನೆ ತೆಗೀತೇವಿ, ಇವತ್ತ ಇಲ್ಲೇ ಇರ್ರಿ."

"ಲಾಳದ್ದ," ಎಂದು ಓಣಿ ತೀರ್ಮಾನಿಸಿತು. ಸುದ್ದಿ ಮೊದಲು ಮುಟ್ಟಿಸಲು ಸಕ್ಕುಬಾಯಿ ಅದೇ ಟಂಟಂ ಹತ್ತಿದಳು.

ಮಾನ್ವೆಲ್ ಹೆಂಡತಿಯ ಕೈ ಹಿಡಿದುಕೊಂಡ. "ಜುಲಿಯಾನಾ, ನೀನರ ನಂಬು. ಆಣಿ ಮಾಡಿ ಹೇಳ್ತೇನಿ, ಖರೇನ ತೋಪಿನ ಚೂರದು."

ಜುಲಿಯಾನಾ ಹಾಸಿಗೆಯ ಚಾದರ ಜಾಡಿಸಿದಳು. "ಸುಮ್ನ ಬೋರಲು ಮಲಗ್ರಿ. ಕಥಿ ಖರೆ ಇರ್ಲಿ, ಸುಳ್ಳು ಇರ್ಲಿ, ನಾಳೆ ಕೊಯ್ಯೂದಂತೂ ಖರೆ."