ಬೆಲ್ಲ ಬಿಟ್ಟ ಮಾಳಪ್ಪ

ಹಾನಗಲ್ಲಿನ ಪೇಟೆಯಲ್ಲಿ ಅವತ್ತು ಬೆಳಿಗ್ಗೆ ಬೆಲ್ಲದ ಲಿಲಾವು ನಡೆದಿತ್ತು. ಕೂಗುವವನು ದರ ಏರಿಸುತ್ತ ಏರಿಸುತ್ತ ಹೋಗಿ ಒಂದು ಕಡೆ ನಿಂತ. ಮುಂದಕ್ಕೆ ಯಾರೂ ಬಾಯಿ ತೆರೆಯಲಿಲ್ಲ. "ಮತ್ತ ಯಾರರ ಅದೀರೇನ್ರೆಪಾ?" ಎಂದು ಅವನು ಕೇಳುವುದಕ್ಕೂ, ಗುಂಪಿನ ನಡುವೆ ನಿಂತಿದ್ದ ಮಾಳಪ್ಪನ ಹೊಟ್ಟೆಯೊಳಗಿಂದ "ಹೂಂ..." ಎಂದು ಉದ್ದನೆಯ ದನಿಯೊಂದು ಹೊರಡುವುದಕ್ಕೂ ಸರಿಹೋಯಿತು.

"ಬಂದೇಸಾಬರಿಗೆ ಆತು!" ಎಂದು ಲಿಲಾವಿನವನು ಕೂಗಿಯೇಬಿಟ್ಟ.

ಮಾಳಪ್ಪ ಬಂದೇಸಾಬರ ಬೆಲ್ಲದ ವಖಾರಿಯಲ್ಲಿ, ಅಂದರೆ ಮಂಡಿಯಲ್ಲಿ, ರುಚಿ ನೋಡಿ ಮಾಲು ಹಿಡಿಯುವ ಕೆಲಸಕ್ಕೆ ಬಹಳ ವರ್ಷಗಳಿಂದ ಇದ್ದವನು. ಬೆಲ್ಲದ ಪೆಂಟಿಯ, ಆ ದೊಡ್ಡ ಅಚ್ಚಿನ, ಮೂಲೆಯಿಂದ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದನೆಂದರೆ, ಕಬ್ಬು ಎಳೆಯದೋ ಬಲಿತದ್ದೋ, ನೆಲ ಸವುಳೋ ಸಿಹಿಯೋ, ಪಾಕ ಹಿಡಿಯುವಾಗ ಗಾಣದವನು ತೂಕಡಿಸಿದ್ದನೋ ಇಲ್ಲವೋ ಎಲ್ಲವನ್ನೂ ಹೇಳುತ್ತಿದ್ದ. ಒಂದೇ ಚೂರಿಗೆ ಗೊತ್ತಾಗುತ್ತಿತ್ತು. ಆದರೂ ಖಾತ್ರಿಗೆಂದು ನಾಲ್ಕು ಚೂರು ತಿನ್ನುತ್ತಿದ್ದ.

"ಅರೇ ಮಾಳಪ್ಪ, ಆ ಬೆಲ್ಲ ನೋಡಿದೇನು? ಇದ್ದಲಿ ಆದಂಗ ಆಗೇತಿ. ಇರುವಿನೂ ಹತ್ತಂಗಿಲ್ಲ ಅದಕ್ಕ. ಹೂಂ ಅಂತ ಯಾಕಂದಿ?" ಬಂದೇಸಾಬರು ಗಡ್ಡ ಅಲುಗಿಸುತ್ತ ಬಂದರು.

"ನಾ ಅನ್ನಲಿಲ್ರಿ ಸಾವ್ಕಾರ. ಹೊಟ್ಟಿ ಅಂತ್ರಿ."

"ನಿನ್ನ ಹೊಟ್ಟಿ ಮಾತಿಗೆ ನಾ ಮಾಲ ಹಿಡೀಬೇಕೇನು? ಹೋಗು, ಡಾಕ್ಟರ ಕಡೆ ಹೋಗಿ ಅದರ ಬಾಯಿ ಮುಚ್ಚಿಸ್ಕೊಂಡು ಬಾ."

ಮಾಳಪ್ಪನಿಗೂ ಅದೇ ಬೇಕಾಗಿತ್ತು. ತಿಂಗಳಿಂದ ಆ ಹೊಟ್ಟೆ ಉಬ್ಬುವುದು, ಗುಡುಗುವುದು, ನಾಲ್ಕು ಜನರ ನಡುವೆ ಮಾನ ತೆಗೆಯುವುದು ನಡೆದೇ ಇತ್ತು. ಮೇಲಾಗಿ ಅವತ್ತು ಮಧ್ಯಾಹ್ನ ತಿಳವಳ್ಳಿಯಿಂದ ಮಗಳು ಮಂಜವ್ವನನ್ನು ನೋಡಲು ಬೀಗರು ಬರುವವರಿದ್ದರು. ಈ ಮೊದಲು ಬಂದ ಸಂಬಂಧಗಳು ಒಂದಿಲ್ಲೊಂದು ಕಾರಣಕ್ಕೆ ತಪ್ಪಿಹೋಗಿದ್ದವು. ಈ ಸಲದ ಕಾರಣ ತನ್ನ ಹೊಟ್ಟೆಯಾಗಬಾರದೆಂದು ಅವನು ಲಗುಬಗೆಯಿಂದ ಬಸ್‌ಸ್ಟ್ಯಾಂಡಿನ ಹತ್ತಿರದ ದವಾಖಾನೆಗೆ ನಡೆದ.

ಡಾಕ್ಟರು ಮೈಸೂರು ಕಡೆಯ ಹುಡುಗ, ಊರಿಗೆ ಹೊಸಬರು. ವಿದೇಶದಿಂದ ತರಿಸಿದ ಒಂದು ಹೊಸ ಪುಸ್ತಕವನ್ನು ಈಚೆಗಷ್ಟೇ ಓದಿ ಮುಗಿಸಿ, ಅದಕ್ಕೆ ತಕ್ಕ ರೋಗಿ ಯಾವಾಗ ಬಂದಾನೆಂದು ಬಾಗಿಲು ನೋಡುತ್ತ ಕೂತಿದ್ದರು. ಮಾಳಪ್ಪನ ಹೊಟ್ಟೆಯನ್ನು ಸಂತೆಯಲ್ಲಿ ಕಲ್ಲಂಗಡಿ ಬಡಿದು ನೋಡುವವರ ಹಾಗೆ ಬಡಿದು ನೋಡಿದರು. ಅವರ ಮುಖ ಅರಳಿತು.

"ನಿಮ್ಮ ಕರುಳಿನಲ್ಲಿ ಯೀಸ್ಟ್ ಜಾಸ್ತಿ ಬೆಳೆದಿರೋ ಹಾಗಿದೆ."

"ಹಂಗಂದ್ರ ಏನ್ರಿ?"

"ಹುದುಗು. ಬ್ರೆಡ್ಡಿನ ಹಿಟ್ಟು ಉಬ್ಬಿಸುತ್ತಲ್ಲ, ಅದೇ ಜಾತಿ. ಎಲ್ಲರ ಹೊಟ್ಟೇಲೂ ಸ್ವಲ್ಪ ಇರುತ್ತೆ. ಜಾಸ್ತಿ ಆದ್ರೆ ತೊಂದರೆ. ಸಿಹಿ ಅಂದ್ರೆ ಅದಕ್ಕೆ ಪ್ರಾಣ. ಸಕ್ಕರೆ, ಬೆಲ್ಲ, ಬಾಳೆಹಣ್ಣು ಎಲ್ಲಾ ಬಿಟ್ಟುಬಿಡಿ. ಅದು ಉಪವಾಸ ಬಿದ್ದು ತಾನಾಗೇ ಸಾಯುತ್ತೆ."

"ಅದು ಸಾಯೂದರೊಳಗ ನಾ ಸತ್ರ ಹೆಂಗ್ರಿ? ಬೆಲ್ಲ ತಿನ್ನೂದ ನನ್ನ ಉದ್ಯೋಗ್ರಿ ಸಾಹೇಬ್ರ."

"ರುಚಿ ನೋಡಿ ಉಗುಳಿಬಿಡಿ."

ಪರದೆಯ ಆಚೆ ಬೆಂಚಿನ ಮೇಲೆ ಮೊಣಕಾಲು ನೋವೆಂದು ಬಂದ ಹೊನ್ನವ್ವ ಕೂತಿದ್ದಳು. ಮಾಳಪ್ಪನ ಪಕ್ಕದ ಮನೆಯಾಕೆ. ಅವಳ ಮೊಣಕಾಲು ಹೇಗೇ ಇರಲಿ, ಕಿವಿ ಮಾತ್ರ ಭೇಷಾಗಿತ್ತು. ಮಾಳಪ್ಪ ಹೊರಗೆ ಬರುವಷ್ಟರಲ್ಲಿ ಬೆಂಚು ಖಾಲಿ. ಮೊಣಕಾಲು ತೋರಿಸುವುದನ್ನೂ ಮರೆತು ಅವಳು ಓಣಿಯ ಕಡೆ ಓಡುನಡಿಗೆಯಲ್ಲಿ ಹೊರಟಿದ್ದಳು.

ಬೆಲ್ಲಕ್ಕೆ ಹುದುಗು ಕೂಡಿದರೆ ಸಾರಾಯಿಯಾಗುತ್ತದೆ ಎಂಬುದನ್ನು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರಿಗೆ ಹೊನ್ನವ್ವ ಸುದ್ದಿ ಹಂಚಿದಳು:

"ಮಾಳಪ್ಪನ ಹೊಟ್ಟ್ಯಾಗ ಭಟ್ಟಿ ಹತ್ತೇತಂತವ್ವ! ಮ್ಯಾಲಿಂದ ಬೆಲ್ಲ ಹಾಕಿದ್ರ ಸಾಕಂತ, ಒಳಗ ತಾನ ಶೆರೆ ಆಕ್ಕೈತಂತ. ಡಾಕ್ಟರ ಹೇಳಿದ್ದ ನಾನ ಕೇಳೇನಿ."

ಇತ್ತ ವಖಾರಿಯಲ್ಲಿ ಮಾಳಪ್ಪ ಪಥ್ಯ ಶುರುಮಾಡಿದ್ದ. ರೈತನೊಬ್ಬ ಗಾಡಿಯಿಂದ ಬೆಲ್ಲ ಇಳಿಸಿ, ಹೆಣ್ಣು ಕೊಡುವವನ ಹಾಗೆ ಕೈಕಟ್ಟಿ ನಿಂತಿದ್ದ. ಮಾಳಪ್ಪ ಚೂರು ಮುರಿದು ನಾಲಿಗೆಯ ಮೇಲಿಟ್ಟ. ಬಂಗಾರದಂಥ ಬೆಲ್ಲ. ಗಂಟಲು ತಾನಾಗಿ ತೆರೆದುಕೊಂಡಿತು. ಡಾಕ್ಟರ ಮಾತು ನೆನಪಾಗಿ ಗಾಬರಿಯಿಂದ "ಥೂ!" ಎಂದು ಉಗುಳಿದ.

ರೈತನ ಮುಖ ಕೆಂಪಾಯಿತು. "ಏನ್ರೀ, ನಮ್ಮ ಬೆಲ್ಲಕ್ಕ ಥೂ ಅಂತೀರಿ? ರಾತ್ರಿ ಹಗಲಿ ಒಲಿ ಮುಂದ ಕುಂತು ಮಾಡೇನಿ!"

"ಬೆಲ್ಲ ಚಲೋ ಐತೋ ತಮ್ಮಾ..."

"ಚಲೋ ಇದ್ರ ಉಗುಳತಾರೇನು?" ಅವನು ಇಳಿಸಿದ್ದ ಪೆಂಟಿಗಳನ್ನೆಲ್ಲ ಮತ್ತೆ ಗಾಡಿಗೆ ಹೇರಿ ಎದುರಿನ ವಖಾರಿಗೆ ಹೊಡೆದುಕೊಂಡು ಹೋದ. ಅವನ ಹಿಂದೆ ನಿಂತಿದ್ದ ಗಾಡಿಗಳೂ ಮೂತಿ ತಿರುಗಿಸಿದವು.

ಬಂದೇಸಾಬರು ಹೊರಗೆ ಬಂದರು. ನಳದ ಸುದ್ದಿ ಅಷ್ಟರಲ್ಲಿ ಪೇಟೆಗೂ ಬಂದು ಮುಟ್ಟಿತ್ತು. ಅವರು ಮಾಳಪ್ಪನ ಹತ್ತಿರ ನಿಂತು, "ಬಾಯಿ ತಗಿ" ಎಂದರು. ಮೂಗು ಚಾಚಿ ಒಂದು ಸಲ ಮೂಸಿದರು, ಎರಡು ಹೆಜ್ಜೆ ಹಿಂದೆ ಸರಿದು ಯೋಚಿಸಿದರು, ಮತ್ತೆ ಬಂದು ಮೂಸಿದರು.

"ವಾಸನಿ ಏನೂ ಇಲ್ಲ ಖರೆ. ಆದ್ರ ನಾ ನಮಾಜ್ ಮಾಡೂ ಮನಷ್ಯಾ, ಮಾಳಪ್ಪ. ಭಟ್ಟಿ ಇದ್ದವನ್ನ ಬೆಲ್ಲದ ವಖಾರ್ಯಾಗ ಇಟ್ಕೊಂಡ್ರ ಜನ ಏನಂದಾರು? ಹೊಟ್ಟಿ ಮನ್ಯಾಗ ಇಟ್ಟು ಬಾ. ಆಗಂಗಿಲ್ಲಾಂದ್ರ ನೀನೂ ಅದರ ಜೋಡಿ ಮನ್ಯಾಗ ಇರು."

ಇಪ್ಪತ್ತು ವರ್ಷದ ಚಾಕರಿ ಒಂದು ಹೊಟ್ಟೆಯ ಕಾರಣಕ್ಕೆ ಹೀಗೆ ತೂಗಾಡತೊಡಗಿತು. ಮಾಳಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದ. ಊರ ಅಗಸಿ ಬಾಗಿಲ ಹತ್ತಿರ ಮೈಲಾರಪ್ಪ ಗಂಟುಬಿದ್ದ. ಕುಡಿತದಲ್ಲಿ ಊರಿಗೇ ಹೆಸರಾದ ಮೈಲಾರಪ್ಪ ಇವನನ್ನು ಕಂಡದ್ದೇ ಚಪ್ಪಲಿ ಬಿಟ್ಟು ಎರಡೂ ಕೈ ಜೋಡಿಸಿದ.

"ಕಾಕಾ, ಎಂಥಾ ಪುಣ್ಯಾ ಮಾಡಿ ಬಂದೀರಿ! ದುಕಾನಕ್ಕ ಹೋಗೂದಿಲ್ಲ, ಉದ್ರಿ ಕೇಳೂದಿಲ್ಲ, ಬಾಟಲಿ ಮುಚ್ಚಿಡೂದಿಲ್ಲ. ಎಲ್ಲಾ ಒಳಗಿಂದೊಳಗ! ಆ ಹುದುಗು ಒಂದೀಟು ನನಗೂ ಕೊಡ್ರಿ. ಎಲ್ಲೈತಿ ಹೇಳ್ರಿ, ನಾನ ತಗೋತೇನಿ."

"ನಿನ್ನ ಬಾಯಾಗ ಮಣ್ಣ ಹಾಕ! ಹುಟ್ಟಿದಾಗಿಂದ ಒಂದು ಹನಿ ಮುಟ್ಟಿಲ್ಲ ನಾ!"

"ಮುಟ್ಟೂದ ಯಾಕ ಬೇಕ್ರಿ ನಿಮಗ!"

ಮಾಳಪ್ಪ ಕಲ್ಲು ಹುಡುಕುವಷ್ಟರಲ್ಲಿ ಅವನು ಓಡಿದ.

ಮನೆಗೆ ಬಂದರೆ ಹೊಸ್ತಿಲಲ್ಲೇ ಹೂರಣದ ವಾಸನೆ ಎದುರುಗೊಂಡಿತು. ಹೆಂಡತಿ ಶಾರವ್ವ ಬೀಗರಿಗಾಗಿ ಹೋಳಿಗೆ ಬೇಯಿಸುತ್ತಿದ್ದಳು. ಗಂಡನ ಕತೆ ಕೇಳಿ ಲಟ್ಟಣಿಗೆ ಕೆಳಗಿಟ್ಟಳು.

"ಬೆಲ್ಲ ಬಿಡಾಕ ನಿಮಗ ಇವತ್ತಿನ ದಿನಾನ ಬೇಕಾತು? ನಾಳಿಂದ ಬಿಡ್ರಿ."

"ಬೀಗರ ಮುಂದ ಹೊಟ್ಟಿ ಮತ್ತ ಹೂಂ ಅಂದ್ರ? ಅವರು ಏನರ ಕೇಳಿರತಾರ, ಇದು ಹೂಂ ಅಂದುಬಿಡತೈತಿ. ವಖಾರ್ಯಾಗ ಏನಾತು ಗೊತ್ತೈತಿಲ್ಲೋ?"

ಶಾರವ್ವನಿಗೆ ಆ ಮಾತು ಸರಿ ಅನ್ನಿಸಿತು. ಬೀಗರು ಬಂಗಾರ ಕೇಳಿದಾಗ ಹೊಟ್ಟೆ ಹೂಂ ಅಂದುಬಿಟ್ಟರೆ ಕೊಡುವವರು ಯಾರು? ಅವಳು ಹೋಳಿಗೆ ತಿರುವಿ ಹಾಕಿದಳು.

ತಿಳವಳ್ಳಿಯ ಬಸ್ಸಿಗೆ ಬೀಗರು ಬಂದರು. ಹುಡುಗನ ತಂದೆ ಶಂಕ್ರಪ್ಪ ದೊಡ್ಡ ರುಮಾಲಿನ, ಕಡಿಮೆ ಮಾತಿನ ಮನುಷ್ಯ. ಕಬ್ಬಿನ ಹೊಲ, ಸ್ವಂತ ಗಾಣ ಎರಡೂ ಇದ್ದವು. ಜೊತೆಗೆ ಅವನ ಹೆಂಡತಿ, ಮಗ ಗುತ್ತೆಪ್ಪ. ಹುಡುಗ ನೆಲ ನೋಡುತ್ತ ಕೂತ. ಮಂಜವ್ವ ಅಡುಗೆಮನೆಯ ಬಾಗಿಲ ಸಂದಿಯಿಂದ ಹುಡುಗನನ್ನು ನೋಡಿದಳು, ಮತ್ತೊಮ್ಮೆ ನೋಡಿದಳು. ಶಾರವ್ವನಿಗೆ ಅಷ್ಟರಲ್ಲೇ ಮಗಳ ಮನಸ್ಸು ತಿಳಿಯಿತು. ಹೊನ್ನವ್ವ ಹೆಪ್ಪಿಗೆ ಮೊಸರು ಕೇಳುವ ನೆವದಲ್ಲಿ ಬಂದು ಕಂಬಕ್ಕೆ ಒರಗಿದಳು.

ಶಂಕ್ರಪ್ಪ ಚೀಲದಿಂದ ಒಂದು ಪೆಂಟಿ ಬೆಲ್ಲ ತೆಗೆದು ನಡುವೆ ಇಟ್ಟ. "ನಮ್ಮ ಗಾಣದ್ದು. ಮಾತುಕತಿ ಸಿಹಿ ತಿಂದ ಸುರು ಆಗಲಿ" ಎಂದು ಒಂದು ತುಂಡು ಮುರಿದು ಮಾಳಪ್ಪನ ಮುಂದೆ ಹಿಡಿದ.

ನಾಲಿಗೆಯ ಮೇಲಿಡದೆಯೇ ಮಾಳಪ್ಪನಿಗೆ ಗೊತ್ತಾಯಿತು: ಹಾನಗಲ್ಲ ಪೇಟೆಗೆ ಅಂಥ ಬೆಲ್ಲ ಬಂದು ವರ್ಷಗಳಾಗಿದ್ದವು. ಬಾಯಲ್ಲಿ ನೀರೂರಿತು. ಅದೇ ಗಳಿಗೆಗೆ ಹೊಟ್ಟೆಯ ತಳದಲ್ಲಿ ಏನೋ ಹೊರಳಿತು. ಅವನು ಹೆದರಿ ಕೈ ಮುಗಿದ.

"ನನಗ ಬ್ಯಾಡ್ರಿ."

ಶಂಕ್ರಪ್ಪ ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. "ನಮ್ಮ ಬೆಲ್ಲ ಬ್ಯಾಡ ಅಂದ್ರ, ನಮ್ಮ ಹುಡುಗ ಬ್ಯಾಡ ಅಂತ ತಿಳ್ಕೊಳ್ಳೂದೇನ್ರಿ?"

"ಅಯ್ಯ, ಹಂಗಲ್ರೀ ಯಪ್ಪಾ!" ಹೊನ್ನವ್ವ ಉಪಕಾರ ಮಾಡಲು ಮುಂದೆ ಬಂದಳು. "ಅವರ ಹೊಟ್ಟ್ಯಾಗ ಭಟ್ಟಿ ಐತ್ರಿ. ಬೆಲ್ಲ ತಿಂದ್ರ ಶೆರೆ ಆಕ್ಕೈತ್ರಿ. ಅದಕ್ಕ ಬ್ಯಾಡ ಅಂತಾರ. ಭಾಳ ಮರ್ಯಾದಿ ಮನಷ್ಯಾ!"

ಶಂಕ್ರಪ್ಪನ ಹೆಂಡತಿ ಸೆರಗು ಮೂಗಿಗೆ ಹಿಡಿದಳು. ಮಾಳಪ್ಪ ಏನೋ ಹೇಳಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಮೈಲಾರಪ್ಪ ಕಾಣಿಸಿಕೊಂಡ. ಒಂದು ಕೈಯಲ್ಲಿ ಎಲ್ಲಿಂದಲೋ ತಂದ ಬೆಲ್ಲದ ಉಂಡೆ, ಇನ್ನೊಂದರಲ್ಲಿ ಖಾಲಿ ಲೋಟ.

"ಕಾಕಾ, ಬೆಲ್ಲ ನಾ ತಂದೇನಿ. ನೀವು ತಿನ್ರಿ, ಆದದ್ದರಾಗ ಇಬ್ಬರೂ ಅರ್ಧಾರ್ಧ."

ಶಂಕ್ರಪ್ಪ ಎದ್ದು ನಿಂತು ರುಮಾಲು ಸರಿಮಾಡಿಕೊಂಡ. "ನಡೀರಿ, ಬಸ್ ಸಿಗತೈತಿ" ಎಂದು ಹೆಂಡತಿಗೆ ಹೇಳಿದ. ಗುತ್ತೆಪ್ಪ ಮೊದಲ ಬಾರಿಗೆ ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದ. ಸಂದಿಯಲ್ಲಿದ್ದ ಮಂಜವ್ವನ ಕಣ್ಣು ತುಂಬಿದ್ದವು.

ಅದನ್ನು ಕಂಡ ಮಾಳಪ್ಪನಿಗೆ ತಡೆಯಲಾಗಲಿಲ್ಲ. ಶಂಕ್ರಪ್ಪನಿಗೆ ಅಡ್ಡನಿಂತ.

"ಬೀಗರ, ನಿಮ್ಮ ಕಾಲಿಗೆ ಬೀಳತೇನಿ, ಕೇಳ್ರಿ. ಶೆರೆ ಅಂದ್ರ ಯಾವ ಬಣ್ಣ ಅನ್ನೂದೂ ನನಗ ಗೊತ್ತಿಲ್ಲ. ಹೊಟ್ಟಿ ಉಬ್ಬತೈತಿ, ಸಿಹಿ ಬಿಡು ಅಂದಾರ ಡಾಕ್ಟರು. ಇಷ್ಟ ಆದದ್ದು. ಬೆಲ್ಲದ ರಾಶಿ ನಡುವ ನಿಂತು ಇವತ್ತ ಒಂದು ಚೂರು ನುಂಗಿಲ್ಲ. ಬಾಯಿಗಿಟ್ಟದ್ದು ಉಗುಳೇನಿ. ರೈತರು ಬೈದ್ರು, ಸಾವ್ಕಾರ ಮನಿಗೆ ಕಳಸಿದ್ರು. ಮನ್ಯಾಗ ಹೋಳಗಿ, ಅದನ್ನೂ ಮುಟ್ಟಿಲ್ಲ. ನಿಮಗ ಸಿಟ್ಟಿದ್ರ ಈಗ ಇಡೀ ಪೆಂಟಿ ತಿಂತೇನಿ. ಹೊಟ್ಟಿ ಒಡದ್ರ ಒಡೀಲಿ, ಮಗಳ ಸಂಬಂಧ ಒಡೀಬಾರ್ದು."

ಹಾಗೆಂದವನೇ ಪೆಂಟಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗೆ ಒಯ್ದ. ಶಂಕ್ರಪ್ಪ ಅವನ ಮಣಿಕಟ್ಟು ಹಿಡಿದ.

"ತಡೀರಿ. ದಿನಾ ಬೆಲ್ಲ ತಿಂದ ನಾಲಿಗಿ. ಹೋಳಗಿ ವಾಸನಿ ಮೂಗಿನಾಗ. ಆದ್ರೂ ಮುಟ್ಟಿಲ್ಲಾ?"

"ಇಲ್ರಿ."

"ಖರೇನ?"

"ಮಗಳ ಆಣಿ."

ಶಂಕ್ರಪ್ಪ ಮತ್ತೆ ಕೂತ. ಹೆಂಡತಿಯ ಮುಖ ನೋಡಿದ. ಅವಳು ಮೂಗಿನಿಂದ ಸೆರಗು ತೆಗೆದಳು. ಶಂಕ್ರಪ್ಪ, "ಇಂಥಾ ಗಟ್ಟಿ ಮನಷ್ಯಾನ ಮಗಳು ನಮಗ ಬೇಕು. ಸಂಬಂಧ ಆತು. ಬಂಗಾರ ಬ್ಯಾಡ, ಏನೂ ಬ್ಯಾಡ. ಎಲಿ ಹಾಕ್ರಿ" ಎಂದ.

ಮೈಲಾರಪ್ಪನನ್ನು ಹೊರಗೆ ಅಟ್ಟಿದರು. ಎಲೆ ಬಿದ್ದವು, ಬಿಸಿ ಹೋಳಿಗೆ ಬಂದವು, ಅವುಗಳ ಮೇಲೆ ತುಪ್ಪ ಹರಿಯಿತು. ಮಾಳಪ್ಪ ರೊಟ್ಟಿ ಪುಂಡಿಪಲ್ಯ ಹಾಕಿಸಿಕೊಂಡು ಬೀಗರ ಬಾಯಿಯನ್ನೇ ನೋಡುತ್ತ ಕೂತ.

ಅಷ್ಟರಲ್ಲಿ ಅಂಗಳದಲ್ಲಿ ಸೈಕಲ್ಲು ಬಿದ್ದ ಸಪ್ಪಳವಾಯಿತು. ಡಾಕ್ಟರು ಬಂದಿದ್ದರು. ತಾವು ರೋಗಿಯ ಹೊಟ್ಟೆಯಲ್ಲಿ ಕಳ್ಳಭಟ್ಟಿ ಇಡಿಸಿದ್ದಾರೆಂಬ ಮಾತು ಪೇಟೆಯಲ್ಲಿ ಕೇಳಿ ಅವರ ಮುಖ ಸುಣ್ಣವಾಗಿತ್ತು. ಮಾಳಪ್ಪನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು.

"ಮಾಳಪ್ಪನವರೇ, ತಪ್ಪು ತಿಳಿಯಬೇಡಿ. ನಮ್ಮ ಮೇಷ್ಟ್ರು, ದೊಡ್ಡ ಡಾಕ್ಟರು, ನೀವು ಹೋದಮೇಲೆ ಹುಬ್ಬಳ್ಳಿಯಿಂದ ಬಂದಿದ್ದರು. ನಿಮ್ಮ ವಿಷಯ ಹೇಳಿದೆ. ನಕ್ಕುಬಿಟ್ಟರು. ಸಿಹಿ ಬಿಟ್ಟರೆ ಕರುಳಿನ ಯೀಸ್ಟ್ ಸಾಯುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲವಂತೆ. ಯೀಸ್ಟ್ ಜಾಸ್ತಿ ಇದೆ ಅಂತ ಪರೀಕ್ಷೆ ಮಾಡಿದೆಯಾ ಅಂತ ಕೇಳಿದರು. ನಾನು ಮಾಡಿರಲಿಲ್ಲ. ನಾಳೆ ಬನ್ನಿ, ಸರಿಯಾಗಿ ನೋಡೋಣ."

"ಅಂದ್ರ... ಬೆಲ್ಲ?"

"ಅತಿ ಮಾಡದೆ ತಿನ್ನಿ."

ಮಾಳಪ್ಪನಿಗೆ ಹಿತ್ತಿಲ ಕರಿಬೇವಿನ ಗಿಡವೂ ಕಬ್ಬಿನ ಹಾಗೆ ಕಂಡಿತು. ಡಾಕ್ಟರ ಕೈ ಹಿಡಿದು ಎಳೆದುಕೊಂಡೇ ಒಳಗೆ ಬಂದು, ಪಕ್ಕದಲ್ಲಿ ಎಲೆ ಹಾಕಿಸಿ ಕೂರಿಸಿ, "ಮಂಜೀ..." ಎಂದು ಹೋಳಿಗೆಗಾಗಿ ಬಾಯಿ ತೆರೆದ.

"ಬೀಗರ, ಒಂದು ಮಾತು," ಎಂದ ಶಂಕ್ರಪ್ಪ. "ನಮ್ಮ ಗಾಣಕ್ಕ ಉಸ್ತುವಾರಿಗೆ ಇಟ್ಟವರೆಲ್ಲಾ ಬೆಲ್ಲ ನೆಕ್ಕಿ ನೆಕ್ಕಿ ಪಾಕ ಕೆಡಿಸಿದ್ರು. ನನ್ನ ಸ್ವಂತ ತಮ್ಮ ಬಿಸಿ ಕೊಪ್ಪರಿಗ್ಯಾಗ ಬೆರಳಿಟ್ಟು ಸುಟ್ಕೊಂಡ. ಬೆಲ್ಲದ ಮುಂದ ಕುಂತು ಬೆಲ್ಲ ಮುಟ್ಟದವನು ಈ ಸೀಮ್ಯಾಗ ಹುಟ್ಟೇ ಇಲ್ಲ ಅನ್ಕೊಂಡಿದ್ದೆ. ಇವತ್ತ ಸಿಕ್ರಿ. ಲಗ್ನ ಆದಕೂಡ್ಲೆ ಗಾಣ ನಿಮ್ಮ ಕೈಯಾಗ. ಬಂದೇಸಾಬರಿಗಿಂತ ಹೆಚ್ಚಿಗಿ ಪಗಾರ. ಮಾತು ಒಂದ: ಬೆಲ್ಲ ಬಾಯಿಗೆ ಮುಟ್ಟಸಬಾರದು. ಮುಟ್ಟಿಸೂ ಮನಷ್ಯಾ ಆಗಿದ್ರ ನಾ ಈ ಸಂಬಂಧಾನ ಮಾಡ್ತಿದ್ದಿಲ್ಲ."

ಶಾರವ್ವ ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದಳು. ಸಂದಿಯಲ್ಲಿ ಮಂಜವ್ವ ನಗುತ್ತಿದ್ದಳು. ಮಾಳಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಏನೋ ಹೇಳಾಕ ಹೊಂಟಿದ್ರಿ?"

"ಏನಿಲ್ರಿ. ಮಜ್ಜಿಗಿ ಬೇಕಾಗಿತ್ತು."

ಡಾಕ್ಟರಿಗೆ ಇದೊಂದೂ ಅರ್ಥವಾಗಿರಲಿಲ್ಲ. ಅವರಿಗೆ ಬೆಳಗಿನಿಂದ ಊಟವಿರಲಿಲ್ಲ. ಮೂರನೆಯ ಹೋಳಿಗೆ ತುಪ್ಪದಲ್ಲಿ ಅದ್ದುತ್ತ, "ತುಂಬಾ ಚೆನ್ನಾಗಿದೆ. ನೀವೂ ಒಂದು ತಗೊಳ್ಳಿ ಮಾಳಪ್ಪನವರೇ, ಏನೂ ಆಗಲ್ಲ" ಎಂದರು.

ಮಾಳಪ್ಪ ಅವರ ಮೊಣಕಾಲಿಗೆ ತನ್ನ ಮೊಣಕಾಲಿನಿಂದ ಜೋರಾಗಿ ಒತ್ತಿ, ತಲೆ ಅಲ್ಲಾಡಿಸಿ, ಒಂದು ತುತ್ತು ಪುಂಡಿಪಲ್ಯ ಬಾಯಿಗಿಟ್ಟುಕೊಂಡ.

"ನೋಡಿದೇನು!" ಶಂಕ್ರಪ್ಪ ಹೆಮ್ಮೆಯಿಂದ ಮಗನ ಬೆನ್ನು ತಟ್ಟಿದ. "ಡಾಕ್ಟರ ತಿನ್ನಂದ್ರೂ ತಿನ್ನವಲ್ಲ! ಏ ತಂಗೀ, ನಿಮ್ಮ ಅಪ್ಪನ ಪಾಲಿಂದೂ ಡಾಕ್ಟರಿಗೆ ಹಾಕವ್ವಾ."