ಗುರುಪುತ್ರಪ್ಪನ ಮೂಗು, ಪಿಕಪ್ಪಿನ ವಾಸನೆ

“ಮೂವತ್ತ ವರ್ಷ ಚಹಾಪುಡಿ ಮೂಸಿದ ಮೂಗ ಐತಿ ಇದು. ಪೆಟ್ರೋಲ್ ಎಲ್ಲಿಂದ ನಾರಾಕತ್ತೈತಿ ಅಂತ ಹೇಳಾಕ ಮೆಕ್ಯಾನಿಕ್ ಯಾಕ ಬೇಕು?”

ಮಹಾಂತೇಶ ನಗರದ ಚಹಾಪುಡಿ ವ್ಯಾಪಾರಿ ಗುರುಪುತ್ರಪ್ಪ ಹೆಂಡತಿ ಸಂಗವ್ವನ ಎದುರು ಹೀಗೆ ಮೀಸೆ ತಿರುವಿದಾಗ, ಅವನ ಹಳೆಯ ಪೆಟ್ರೋಲ್ ಪಿಕಪ್ ನಾರಲು ಶುರುವಾಗಿ ನಾಲ್ಕು ದಿನವಾಗಿತ್ತು. ಈಗ ಮೂರು ವಾರ. ವಾಸನೆ ಗಟ್ಟಿಯಾಗಿಯೇ ಇತ್ತು. ಮೂಗು ಮಾತ್ರ ದಣಿದಿತ್ತು.

ದಣಿದೆನೆಂದು ಕೂರುವಂತಿರಲಿಲ್ಲ. ಚಹಾಪುಡಿಗೆ ಸಹವಾಸದೋಷ ಬಹಳ, ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುತ್ತದೆ. ನಂದಗಡದಲ್ಲಿ ಹೋಟೆಲ್ ಇಟ್ಟಿರುವ ಗಂಗಾದೇವಿ ವಾರಕ್ಕೊಂದು ಚೀಲ ಇವನಿಂದಲೇ ಕೊಳ್ಳುತ್ತಿದ್ದಳು. ಅವಳು ಕೊಂಡರೆ ಸಂತೆಯ ಉಳಿದವರು ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಹೋದ ವಾರ ಅವಳು ಚಿಟಿಕೆ ಪುಡಿ ಮೂಸಿ, ಇನ್ನೊಂದು ಸಲ ಹೀಗೆ ನಾರಿದರೆ ಬೇರೆ ವ್ಯಾಪಾರಿಯನ್ನು ನೋಡಿಕೊಳ್ಳುತ್ತೇನೆ ಎಂದಿದ್ದಳು. ಅವಳು ಹೋದರೆ ಸಂತೆಯೇ ಹೋದಂತೆ.

ಗುರುಪುತ್ರಪ್ಪ ಮೂಸದ ಜಾಗವಿರಲಿಲ್ಲ. ಸೀಟು ಕಿತ್ತು ಮೂಸಿದ. ಗಾಡಿಯ ಕೆಳಗೆ ಅಂಗಾತ ಮಲಗಿ ಮೂಸಿದ, ಹಾಗೇ ಅಲ್ಲಿಯೇ ನಿದ್ದೆ ಹೋದ. ಎದ್ದವನು ಕ್ಯಾಬಿನ್ನಿನೊಳಗೆ ಊದಿನಕಡ್ಡಿ ಹಚ್ಚಲು ಹೊರಟಾಗ ಸಂಗವ್ವ ಕಡ್ಡಿಪೆಟ್ಟಿಗೆ ಕಸಿದುಕೊಂಡಳು.

“ವಾಸನಿ ಹೋಗೂದಿಲ್ರೀ, ನಾವ ಹೋಗತೀವಿ.”

ಕೊನೆಗೆ ಅವನ ತಲೆಗೆ ವ್ಯಾಪಾರದ ವಿದ್ಯೆಯೇ ಹೊಳೆಯಿತು. ಅರ್ಧ ಕಿಲೋ ಚಹಾಪುಡಿಯನ್ನು ಪರಾತದಲ್ಲಿ ಹರವಿ ಒಂದು ದಿನವಿಡೀ ಸೀಟಿನ ಮೇಲೆ ಇಟ್ಟ. ಪುಡಿ ವಾಸನೆಯನ್ನು ಹೀರಿತು, ಗಾಡಿ ಮತ್ತೆ ಅಷ್ಟನ್ನೇ ಹೆತ್ತಿತು. ಆ ಪುಡಿಯನ್ನು ಚೆಲ್ಲಲು ಕೈ ಬಾರದೆ ಅಡುಗೆಮನೆಯ ಮೂಲೆಯಲ್ಲಿಟ್ಟ. ಮರುದಿನ ಬೀಗರು ಬಂದರು. ಏನೂ ಅರಿಯದ ಸಂಗವ್ವ ಅದರಿಂದಲೇ ಚಹಾ ಕಾಸಿದಳು. ಬೀಗರು ಒಂದೇ ಗುಟುಕಿಗೆ ಕಪ್ಪು ಕೆಳಗಿಟ್ಟು, ಇದು ಯಾವ ಕಡೆಯ ಚಹಾ ಎಂದು ವಿಚಾರಿಸಿದರು. ಗುರುಪುತ್ರಪ್ಪ ವ್ಯಾಪಾರಿ. ಅಸ್ಸಾಮಿನದು, ಬಹಳ ದೂರದಿಂದ ಗಾಡಿಯಲ್ಲಿ ಬರುತ್ತದೆ ಎಂದುಬಿಟ್ಟ.

ಬೀಗರ ಮುಂದೆ ಹೋದ ಮಾನ ಸಂಗವ್ವನದು. ಈ ವಾರದ ಸಂತೆಗೆ ಅವಳೇ ಚೀಲಕ್ಕೆ ಎರಡು ಸುತ್ತು ಪ್ಲಾಸ್ಟಿಕ್ ಬಿಗಿದು, ಗಾಡಿ ಹತ್ತಿ ಕುಳಿತಳು. ಖಾನಾಪುರದಲ್ಲಿ ಇಮಾಮಹುಸೇನನ ಗ್ಯಾರೇಜಿನ ಮುಂದೆ ನಿಲ್ಲಿಸದಿದ್ದರೆ ಚೀಲದ ಸಮೇತ ಬಸ್ ಹತ್ತುವುದಾಗಿ ಹೇಳಿದಳು. ಖಾನಾಪುರ ಬಂದಾಗ ಗುರುಪುತ್ರಪ್ಪ ತಾನೇ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದ.

ಇಮಾಮಹುಸೇನ ಏನನ್ನೂ ಮೂಸಲಿಲ್ಲ. ನೇರವಾಗಿ ಪೆಟ್ರೋಲ್ ಟಾಕಿಯ ಮುಚ್ಚಳ ತಿರುವಿದ. ಮೂರು ವಾರ ಉಸಿರು ಕಟ್ಟಿಕೊಂಡಿದ್ದ ಟಾಕಿ ಫುಸ್ಸೆಂದಿತು. ಮುಚ್ಚಳದಲ್ಲಿದ್ದ ಸಣ್ಣ ತೂತು ಬೆಳ್ಳಗೆ ಗಟ್ಟಿಯಾಗಿ ಮುಚ್ಚಿಹೋಗಿತ್ತು.

“ಗುರುಪುತ್ರಪ್ಪಣ್ಣ, ಇದೇನ್ರಿ, ಸುಣ್ಣ ಬಡದೀರೇನು?”

ಸುಣ್ಣವಲ್ಲ, ವಿಭೂತಿ. ಮಹಾನವಮಿಯ ಖಂಡೆ ಪೂಜೆಗೆ ತಕ್ಕಡಿಗೆ, ಗಾಡಿಗೆ ವಿಭೂತಿ ಹಚ್ಚುವುದು ಮನೆಯ ಪದ್ಧತಿ. ಎಲ್ಲರೂ ಬಾನೆಟ್ಟಿಗೆ ಹಚ್ಚಿ ಕೈಮುಗಿಯುತ್ತಾರೆ. ಈ ಸಲ ಗಾಡಿ ಪೆಟ್ರೋಲು ಬಹಳ ಕುಡಿಯುತ್ತದೆಂದು, ಅದರ ಕುಡಿತ ಬಿಡಿಸಲು ಗುರುಪುತ್ರಪ್ಪ ಟಾಕಿಯ ಬಾಯಿ ಮುಚ್ಚಳಕ್ಕೇ ನೆನೆಸಿದ ವಿಭೂತಿಯನ್ನು ಗಾರೆಯಂತೆ ಮೆತ್ತಿದ್ದ.

“ಟಾಕಿಗೂ ಉಸರಾಡಾಕ ಒಂದ ತೂತ ಬೇಕ್ರಿ ಅಣ್ಣಾ. ಅದನ್ನ ಮುಚ್ಚೀರಿ. ಬಿಸಲಿಗೆ ಒಳಗಿನ ಪೆಟ್ರೋಲ್ ಒತ್ತಿ, ಹಳೇ ಪೈಪಿನ ಸಂದ್ಯಾಗಿಂದ ಹೊರಗ ಬರಾಕತ್ತೈತಿ.” ಇಮಾಮಹುಸೇನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. “ದೇವರದ ಐತಿ. ನೀವ ತಗೀರಿ.”

ಗುರುಪುತ್ರಪ್ಪ ಮುಚ್ಚಳಕ್ಕೆ ಕೈಮುಗಿದು, ಸಂಗವ್ವನ ಸೀರೆಯ ಪಿನ್ನು ಇಸಿದುಕೊಂಡು ತೂತು ಬಿಡಿಸಿದ. ಆಮೇಲೆ ಹಳೆಯ ಪೈಪು ಬದಲಿಸುವಾಗ, ತಾನೂ ಒಂದು ಕೆಲಸಕ್ಕೆ ಬರುತ್ತೇನೆಂದು ತೋರಿಸಲು ಗಾಡಿಯ ಕೆಳಗೆ ನುಗ್ಗಿ ಅದರ ತುದಿ ಹಿಡಿದ. ಮೊಣಕೈ ದಾಟಿ ಅಂಗಿಯೊಳಗೆ ಏನೋ ತಣ್ಣಗೆ ಇಳಿಯಿತು. ದಣಿದ ಮೈಗೆ ಹಿತವಾಗಿಯೇ ಇತ್ತು.

ನಂದಗಡದವರೆಗೆ ಸಂಗವ್ವ ಕಿಟಕಿಯ ಹೊರಗೆ ಮುಖ ಚಾಚಿಯೇ ಕುಳಿತಳು. ಸಿಟ್ಟು ಇಳಿದಿಲ್ಲವೆಂದು ಅವನು ತಿಳಿದ.

ಗಂಗಾದೇವಿ ಪ್ಲಾಸ್ಟಿಕ್ ಬಿಚ್ಚಿ ಚಿಟಿಕೆ ಪುಡಿ ಮೂಸಿದಳು. ಹುಬ್ಬು ಗಂಟಿಕ್ಕಿತು. ಗುರುಪುತ್ರಪ್ಪ ಅವಳ ಮುಖವನ್ನೇ ನೋಡುತ್ತ ಒಂದು ಹೆಜ್ಜೆ ಹತ್ತಿರ ಬಂದ. ಅವಳು ಚೀಲವನ್ನು ಅವನಿಂದ ನಾಲ್ಕು ಹೆಜ್ಜೆ ಆಚೆ ಎಳೆದುಕೊಂಡು, ಮತ್ತೊಮ್ಮೆ ಮೂಸಿ, ತಲೆಯಾಡಿಸಿದಳು. ಅವನು ಉಸಿರು ಬಿಟ್ಟು, ತನ್ನ ಮೂಗಿನ ಪ್ರತಾಪ ಹೇಳಲು ಹೋಟೆಲಿನ ಮೆಟ್ಟಿಲಿಗೆ ಕಾಲಿಟ್ಟ.

ಗಂಗಾದೇವಿ ಬಾಗಿಲಿಗೆ ಅಡ್ಡ ನಿಂತು ಸಂಗವ್ವನಿಗೆ ಹೇಳಿದಳು:

“ಪುಡಿ ಚಲೋ ಐತ್ರಿ ಅಕ್ಕಾರ, ವಾರಾ ವಾರಾ ಕೊಡ್ರಿ. ನೀವು ಒಳಗ ಬಂದು ಕುಂದರ್ರಿ. ಸಾವಕಾರ್ರು ಅಲ್ಲೇ ಗಿಡದ ಕೆಳಗ ನಿಂದರ್ಲಿ. ಒಲಿ ಹಚ್ಚೇನಿ.”